ಸಾಧನ ಸಿಗೋದು ಎಲ್ಲಿ, ರಿಪೇರಿ ಆಗೋದು ಎಲ್ಲಿ? – ಸಂಜಯನಗರಕ್ಕೊಂದು ನಕ್ಷೆ



ಗೆದ್ದಲಹಳ್ಳಿಯ ಒಂದು ಮನೆಗೆ ಭೇಟಿ ಕೊಟ್ಟಿದ್ದಾಗ ಮಂಚದ ಕೆಳಗೆ ಮಡಚಿಟ್ಟ ಗಾಲಿಕುರ್ಚಿಯೊಂದು ಕಣ್ಣಿಗೆ ಬಿತ್ತು. ಅದರ ಮೇಲೆ ಹಳೇ ಕಂಬಳಿ, ಕಂಬಳಿ ಮೇಲೆ ರಾಗಿ ಚೀಲ. ಆ ಮನೆಯ ಮಗಳು ನೆಲಕ್ಕೆ ಕೈಯೂರಿ ತೆವಳಿಕೊಂಡು ಬಚ್ಚಲಿಗೆ ಹೋಗುತ್ತಿದ್ದಳು. "ಕುರ್ಚಿ ಇದೆಯಲ್ಲಮ್ಮಾ, ಯಾಕೆ ಕೂರಿಸಲ್ಲ?" ಅಂತ ತಾಯಿಯನ್ನು ಕೇಳಿದೆ. ಮುಂದಿನ ಚಿಕ್ಕ ಗಾಲಿ ಮುರಿದು ಎರಡು ವರ್ಷ ಆಗಿತ್ತು. ಕೊಟ್ಟವರು ಯಾರು ಅಂದರೆ, "ಯಾವುದೋ ಕ್ಯಾಂಪಲ್ಲಿ ಕೊಟ್ರು ಮೇಡಂ, ಅವರು ಎಲ್ಲಿಯೋರೋ ಏನೋ" ಅಂದರು. ಆಫೀಸಿಗೆ ಬಂದು ನಮ್ಮ ರಿಜಿಸ್ಟರ್ ತೆಗೆದು ನೋಡಿದೆ. ಆ ಹುಡುಗಿಯ ಹೆಸರಿನ ಮುಂದೆ "ಗಾಲಿಕುರ್ಚಿ ಇದೆ" ಅಂತ ಬರೆದು ಟಿಕ್ ಹಾಕಿತ್ತು. ಬರೆದಿದ್ದು ನಾನೇ.

ಆಮೇಲೆ ಆ ಗಾಲಿ ಸರಿಹೋಗಿದ್ದು ಯಾವ ದೊಡ್ಡ ಸಂಸ್ಥೆಯಲ್ಲೂ ಅಲ್ಲ. ಅವರ ಮನೆಯಿಂದ ಎರಡು ರಸ್ತೆ ಆಚೆ ಇರುವ ಸೈಕಲ್ ಶಾಪಿನಲ್ಲಿ. ಬೇರಿಂಗ್ ಹೊಸದು ಹಾಕಿ, ಮುರಿದ ಬೋಲ್ಟ್ ಬದಲಾಯಿಸೋಕೆ ಅರ್ಧ ಗಂಟೆ ಸಾಕಾಯಿತು. ಎರಡು ವರ್ಷ ಆ ಹುಡುಗಿ ತೆವಳಿದ್ದು ದುಡ್ಡಿಲ್ಲದೆ ಅಲ್ಲ, ಸಾಧನ ಇಲ್ಲದೆಯೂ ಅಲ್ಲ. ಎಲ್ಲಿ ಕೇಳಬೇಕು ಅಂತ ಗೊತ್ತಿಲ್ಲದೆ. ಅದಕ್ಕೇ ಈ ಸಲ ಒಂದು ನಕ್ಷೆಯ ವಿಷಯ ಬರೆಯುತ್ತಿದ್ದೇನೆ: ಅಂಗವಿಕಲರಿಗೆ ಬೇಕಾದ ಸಾಧನ ಸಲಕರಣೆಗಳು ನಮ್ಮ ಸುತ್ತಮುತ್ತ ಎಲ್ಲಿ ಸಿಗುತ್ತವೆ, ಎಲ್ಲಿ ಅಳತೆ ತೆಗೆದುಕೊಳ್ಳುತ್ತಾರೆ, ಎಲ್ಲಿ ರಿಪೇರಿ ಮಾಡುತ್ತಾರೆ ಅಂತ ಫೋನಿನಲ್ಲಿ ಒತ್ತಿದರೆ ತೋರಿಸುವ ನಕ್ಷೆ. ಇದನ್ನು ಕಂಪ್ಯೂಟರ್ ಓದಿದವರೇ ಮಾಡಬೇಕು ಅಂತೇನಿಲ್ಲ. ಮುಕ್ಕಾಲು ಪಾಲು ಕೆಲಸ ಕಾಲ್ನಡಿಗೆಯದು, ಅದು ನಮ್ಮ ಸಂಘಗಳಿಂದ ಆಗುವಂಥದ್ದು.

ರಂಗೋಲಿ ಪುಡಿಯ ನಕ್ಷೆ

ನಿಮ್ಮಲ್ಲಿ ಹಳ್ಳಿ ಕಡೆಯಿಂದ ಬಂದವರಿಗೆ ನೆನಪಿರಬಹುದು. ಸಂಸ್ಥೆಯವರು ಬಂದು ಅರಳಿಕಟ್ಟೆ ಹತ್ತಿರ ಎಲ್ಲರನ್ನೂ ಕೂರಿಸಿ, ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿ ಅನ್ನುತ್ತಿದ್ದರು. ಕೆರೆಗೆ ನೀಲಿ ಪುಡಿ, ಬಾವಿಗೆ ಕಲ್ಲು, ಮನೆಗೆ ಎಲೆ, ಮನೆಯಲ್ಲಿ ಎಷ್ಟು ಜನ ಅಂತ ಹುಣಸೆಬೀಜ. ಇದಕ್ಕೆ ಪಿ.ಆರ್.ಎ. ಅನ್ನುತ್ತಾರೆ, ಅಂದರೆ ಜನರೇ ಸೇರಿ ಮಾಡುವ ಗ್ರಾಮ ಅಧ್ಯಯನ. 1980ರ ದಶಕದ ಕೊನೆಯಲ್ಲಿ ಇದನ್ನು ನಮ್ಮ ರಾಜ್ಯದಲ್ಲಿ ಬಳಕೆಗೆ ತಂದವರಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆ ಮುಖ್ಯವಾದದ್ದು. ಸ್ವ-ಸಹಾಯ ಸಂಘಗಳನ್ನು ಮೊದಮೊದಲು ಕಟ್ಟಿದ್ದೂ ಅದೇ ಸಂಸ್ಥೆ. ಹಾಗಾಗಿ ಸಂಘಕ್ಕೂ ನಕ್ಷೆಗೂ ಹಳೇ ನಂಟು.

ಫೋನಿನ ನಕ್ಷೆಯೂ ಮೂಲದಲ್ಲಿ ಇದೇ. ವ್ಯತ್ಯಾಸ ಒಂದೇ: ರಂಗೋಲಿ ನಕ್ಷೆಯಲ್ಲಿ ಕಲ್ಲು ಇಟ್ಟರೆ ಅದು ಬಾವಿ ಅಂತ ಯಾರಾದರೂ ಪಕ್ಕದಲ್ಲಿ ನಿಂತು ಹೇಳಬೇಕು. ಫೋನಿನ ನಕ್ಷೆಯಲ್ಲಿ ಚುಕ್ಕಿ ಒತ್ತಿದರೆ ಅದೇ ಹೇಳುತ್ತದೆ. "ಶ್ರವಣ ಸಾಧನದ ಬ್ಯಾಟರಿ ಮಾತ್ರ ತೋರಿಸು" ಅಂದರೆ ಉಳಿದ ಚುಕ್ಕಿಗಳು ಮರೆಯಾಗಿ ಅವಷ್ಟೇ ಉಳಿಯುತ್ತವೆ.

ಸಾಧನ ಅಂದರೆ ಗಾಲಿಕುರ್ಚಿ ಮಾತ್ರವೇ?

ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಅತ್ಯಗತ್ಯವಾದ 50 ಸಾಧನಗಳ ಪಟ್ಟಿ ಮಾಡಿತು. ಅದರಲ್ಲಿ ಗಾಲಿಕುರ್ಚಿ, ಊರುಗೋಲು, ಕೃತಕ ಕಾಲು, ಶ್ರವಣ ಸಾಧನ, ಬಿಳಿ ಕೋಲು ಇವೆ. ಜೊತೆಗೆ ಕನ್ನಡಕ ಇದೆ, ಬಚ್ಚಲಲ್ಲಿ ಹಿಡಿದುಕೊಳ್ಳುವ ಕಂಬಿ ಇದೆ, ಸ್ನಾನಕ್ಕೆ ಕೂರುವ ಕುರ್ಚಿ ಇದೆ, ಹೊತ್ತುಹೊತ್ತಿನ ಮಾತ್ರೆ ಹಾಕಿಡುವ ಡಬ್ಬಿ ಇದೆ, ಮೂತ್ರ ನಿಲ್ಲದವರಿಗೆ ಹಾಕುವ ಪ್ಯಾಡ್ ಕೂಡ ಇದೆ. ಹೊಲಿಗೆ ಮಾಡುವಾಗ ಸೂಜಿಗೆ ದಾರ ಪೋಣಿಸೋಕೆ ಕನ್ನಡಕ ಹುಡುಕುವವರು ನಮ್ಮಲ್ಲಿ ಎಷ್ಟು ಜನ! ಅಂದಮೇಲೆ ಈ ನಕ್ಷೆ "ಅವರಿಗೆ" ಮಾತ್ರ ಅಲ್ಲ.

ಇದೇ ಸಂಸ್ಥೆ ಯುನಿಸೆಫ್ ಜೊತೆ ಸೇರಿ 2022ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ 250 ಕೋಟಿಗಿಂತ ಹೆಚ್ಚು ಜನರಿಗೆ ಇಂಥ ಒಂದಾದರೂ ಸಾಧನ ಬೇಕು, ಸುಮಾರು 100 ಕೋಟಿ ಜನರಿಗೆ ಅದು ಸಿಗುತ್ತಿಲ್ಲ. ನಮ್ಮ ರಾಜ್ಯದ ಲೆಕ್ಕ ನೋಡಿದರೆ 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ಅಂಗವಿಕಲರು ಇದ್ದರು. 2016ರ ಹೊಸ ಕಾಯ್ದೆ ಅಂಗವಿಕಲತೆಯ ಬಗೆಗಳನ್ನು 7ರಿಂದ 21ಕ್ಕೆ ಹೆಚ್ಚಿಸಿದ್ದರಿಂದ ಈಗ ಎಣಿಸಿದರೆ ಇನ್ನೂ ಹೆಚ್ಚು ಜನ ಲೆಕ್ಕಕ್ಕೆ ಬರಬೇಕು.

ನಮ್ಮ ಸುತ್ತ ಏನಿದೆ?

ಸಂಜಯನಗರದ ಬಗ್ಗೆ ಹೇಳಬೇಕಾದರೆ, ನಾವು ಏನೂ ಇಲ್ಲದ ಜಾಗದಲ್ಲಿ ಇಲ್ಲ. ನ್ಯೂ ಬಿ.ಇ.ಎಲ್. ರಸ್ತೆ ಕಡೆ ಹೋದರೆ ಎಂ.ಎಸ್. ರಾಮಯ್ಯ ಆಸ್ಪತ್ರೆ. ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಹತ್ತಿರ ಬ್ಯಾಪ್ಟಿಸ್ಟ್ ಆಸ್ಪತ್ರೆ. ಆರ್.ಟಿ. ನಗರ ದಾಟಿ ಪೂರ್ವಕ್ಕೆ ಹೋದರೆ ಹೆಣ್ಣೂರು ರಸ್ತೆಯ ಲಿಂಗರಾಜಪುರ. ಅಲ್ಲಿ ಎ.ಪಿ.ಡಿ. ಸಂಸ್ಥೆ ಇದೆ. ಪೋಲಿಯೋದಿಂದ ಗಾಲಿಕುರ್ಚಿ ಹಿಡಿದಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಶುರು ಮಾಡಿದ್ದು. ಅದೇ ಲಿಂಗರಾಜಪುರದಲ್ಲೇ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆಯೂ ಇದೆ. ಒಂದು ಕಡೆ ಕೈಕಾಲಿನ ತೊಂದರೆಗೆ, ಇನ್ನೊಂದು ಕಡೆ ಕಿವಿ ಮತ್ತು ಮಾತಿಗೆ. ಮನೆಯಲ್ಲಿ ಕಿವಿ ಕೇಳದ ಅಜ್ಜಿ, ಕಾಲಿನ ತೊಂದರೆ ಇರುವ ಮೊಮ್ಮಗ ಇಬ್ಬರೂ ಇದ್ದರೆ ಒಂದೇ ದಿನ, ಒಂದೇ ಆಟೋದಲ್ಲಿ ಹೋಗಿಬರಬಹುದು. ಎರಡು ಚುಕ್ಕಿ ಪಕ್ಕಪಕ್ಕ ಕಂಡಾಗ ಮಾತ್ರ ಇದು ಹೊಳೆಯುತ್ತದೆ. ನಕ್ಷೆಯ ಉಪಯೋಗ ಅಂದರೆ ಇದು.

ಊರಿನ ಆ ತುದಿ ಜೆ.ಪಿ. ನಗರದಲ್ಲಿ 1994ರಿಂದ ಮೊಬಿಲಿಟಿ ಇಂಡಿಯಾ ಇದೆ. ಕೃತಕ ಕಾಲು, ಕ್ಯಾಲಿಪರ್, ಗಾಲಿಕುರ್ಚಿ ಕೊಡುವುದರ ಜೊತೆಗೆ ಅವನ್ನು ಮಾಡುವವರಿಗೆ ತರಬೇತಿಯನ್ನೂ ಕೊಡುತ್ತಾರೆ. ಒಳ್ಳೇದೇ, ಆದರೆ ಸಂಜಯನಗರದಿಂದ ಅಲ್ಲಿಗೆ ಹೋಗಿ ಬರೋದು ಅಂದರೆ ಒಂದು ದಿನದ ಕೂಲಿ ಹೋದಂತೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತ ಇದೆ ನಿಜ, ಬಸ್ಸು ಹತ್ತೋಕೆ ಆದರೆ ತಾನೆ! ಹಾಗಾಗಿ ಊರಿನ ಆ ತುದಿಯ ದೊಡ್ಡ ಸಂಸ್ಥೆಗೂ ಒಂದು ಚುಕ್ಕಿ ಇರಲಿ, ಆದರೆ ನಮ್ಮ ನಕ್ಷೆ ಅಲ್ಲಿಂದ ಶುರುವಾಗಬಾರದು.

ಎಲ್ಲಿಂದ ಶುರುವಾಗಬೇಕು ಅಂದರೆ ಬೀದಿಯಿಂದ. ದೊಡ್ಡ ಸಂಸ್ಥೆಗಳು ಪಟ್ಟಿ ಮಾಡುವಾಗ ಇನ್ನೊಂದು ದೊಡ್ಡ ಸಂಸ್ಥೆಯ ಹೆಸರನ್ನೇ ಬರೆಯುತ್ತವೆ. ಮೂಲೆಯಲ್ಲಿ ಕೂತು ಚಪ್ಪಲಿ ಹೊಲಿಯುವವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಆದರೆ ಕ್ಯಾಲಿಪರಿನ ಚರ್ಮದ ಪಟ್ಟಿ ಕಿತ್ತುಹೋದರೆ ಹೊಲಿದುಕೊಡುವವರು ಅವರೇ. ಮೂರು ಚಕ್ರದ ಸೈಕಲ್ಲಿಗೆ ಪಂಕ್ಚರ್ ಹಾಕೋದು ಸೈಕಲ್ ಶಾಪು. ಊರುಗೋಲಿನ ತುದಿಯ ರಬ್ಬರ್ ಬೂಟು ಸವೆದು ಕಬ್ಬಿಣ ಕಾಣಿಸಿದರೆ ಒದ್ದೆ ನೆಲದಲ್ಲಿ ಜಾರಿ ಬೀಳೋದು ಖಂಡಿತ. ಆ ರಬ್ಬರ್ ದುಬಾರಿ ಏನಲ್ಲ, ಯಾವ ಮೆಡಿಕಲ್ ಸ್ಟೋರ್‌ನಲ್ಲಿ ಇಟ್ಟಿದ್ದಾರೆ ಅಂತ ಗೊತ್ತಿರಬೇಕು ಅಷ್ಟೆ. ಗಾಲಿಕುರ್ಚಿಯ ಬೆಲ್ಟು, ವೆಲ್ಕ್ರೋ ಪಟ್ಟಿ, ಸೀಟಿನ ಕವರ್ ಇವನ್ನೆಲ್ಲ ನಮ್ಮ ಟೈಲರಿಂಗ್ ಸದಸ್ಯೆಯರೇ ಹೊಲಿಯಬಹುದು, ಅವರದೂ ಒಂದೊಂದು ಚುಕ್ಕಿ ಆಗಲಿ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಎಲ್ಲಾ ರಿಪೇರಿಯೂ ಬೀದಿಯಲ್ಲಿ ಆಗುವಂಥದ್ದಲ್ಲ. ಕೃತಕ ಕಾಲಿನಲ್ಲಿ ತೊಡೆ ಅಥವಾ ಮೊಣಕಾಲು ಕೂರುವ ಬಟ್ಟಲು ಸಡಿಲ ಆದರೆ, ಕ್ಯಾಲಿಪರಿನ ಕಂಬಿ ಬಾಗಿದರೆ ವೆಲ್ಡಿಂಗ್ ಶಾಪಿಗೆ ಒಯ್ಯಬೇಡಿ. ಕೋನ ಸ್ವಲ್ಪ ತಪ್ಪಿದರೂ ಸೊಂಟ, ಬೆನ್ನು ಹಾಳಾಗುತ್ತದೆ, ಚರ್ಮ ಕಿತ್ತು ಹುಣ್ಣಾಗುತ್ತದೆ. ಡಿಜಿಟಲ್ ಶ್ರವಣ ಸಾಧನವೂ ಹಾಗೇ. ಅದನ್ನು ಒಬ್ಬೊಬ್ಬರ ಕಿವಿ ಪರೀಕ್ಷೆ ನೋಡಿ ಹೊಂದಿಸಿರುತ್ತಾರೆ, ತೀರಿಕೊಂಡ ಅಜ್ಜಂದು ಅಂತ ಪಕ್ಕದ ಮನೆ ಮಗುವಿಗೆ ಹಾಕಬಾರದು. ಆದ್ದರಿಂದ ನಕ್ಷೆಯಲ್ಲಿ "ಬೀದಿ ರಿಪೇರಿ" ಬೇರೆ ಗುರುತು, "ತಜ್ಞರ ಹತ್ತಿರವೇ ಹೋಗಬೇಕು" ಬೇರೆ ಗುರುತು ಇರಬೇಕು. ಬ್ಯಾಟರಿ ಬದಲಾಯಿಸೋದು ಮಾತ್ರ ಮನೆಯಲ್ಲೇ ಆಗುತ್ತೆ. ಬ್ಯಾಟರಿ ಸ್ಟಿಕ್ಕರಿನ ಬಣ್ಣ ನೋಡಿ: ಕಿತ್ತಳೆ ಬಣ್ಣ ಇದ್ದರೆ 13ನೇ ನಂಬರು, ನೀಲಿ ಇದ್ದರೆ 675. ಅಂಗಡಿಯಲ್ಲಿ ಯಾವ ನಂಬರು ಸಿಗುತ್ತದೆ ಅಂತಲೂ ಬರೆದುಕೊಳ್ಳಿ.

ಬಾಗಿಲಲ್ಲಿ ಎಷ್ಟು ಮೆಟ್ಟಿಲು?

ಜರ್ಮನಿ ದೇಶದ ಬರ್ಲಿನ್ ನಗರದಲ್ಲಿ ಕೆಲವರು 2010ರಲ್ಲಿ ವೀಲ್‌ಮ್ಯಾಪ್ ಅನ್ನುವ ನಕ್ಷೆ ಶುರು ಮಾಡಿದರು. ಅದಕ್ಕೆ ಕಾರಣರಾದ ರೌಲ್ ಕ್ರೌಟ್‌ಹೌಸೆನ್ ಸ್ವತಃ ಗಾಲಿಕುರ್ಚಿಯಲ್ಲಿ ಓಡಾಡುವವರು. ಅವರ ನಕ್ಷೆ ಸಾಧನದ್ದಲ್ಲ, ಜಾಗದ್ದು. ಗಾಲಿಕುರ್ಚಿಯವರು ಒಳಗೆ ಹೋಗಬಹುದಾದ ಅಂಗಡಿ, ಹೋಟೆಲ್, ಕಚೇರಿ ಯಾವುದು ಅಂತ ಯಾರು ಬೇಕಾದರೂ ಗುರುತು ಹಾಕಬಹುದು. ಮೆಟ್ಟಿಲೇ ಇಲ್ಲದಿದ್ದರೆ ಹಸಿರು, ಬಾಗಿಲಲ್ಲಿ ಹೆಚ್ಚೆಂದರೆ 7 ಸೆಂಟಿಮೀಟರಿನ ಒಂದೇ ಮೆಟ್ಟಿಲು ಇದ್ದರೆ ಹಳದಿ, ಅದಕ್ಕೂ ಹೆಚ್ಚಿದ್ದರೆ ಕೆಂಪು. 7 ಸೆಂಟಿಮೀಟರ್ ಅಂದರೆ ಸುಮಾರು ನಾಲ್ಕು ಬೆರಳು. ನಮಗೆ ಬೇರೆ ಅಳತೆಗೋಲೇ ಬೇಡ.

ಅವರ ನಕ್ಷೆಯಲ್ಲಿ ನನಗೆ ಹಿಡಿಸಿದ್ದು ನಾಲ್ಕನೇ ಬಣ್ಣ. ಯಾರೂ ಹೋಗಿ ನೋಡದೇ ಇರುವ ಜಾಗಕ್ಕೆ ಬೂದು ಬಣ್ಣ. "ಗೊತ್ತಿಲ್ಲ" ಅಂತ ನಕ್ಷೆಯೇ ಒಪ್ಪಿಕೊಳ್ಳುತ್ತದೆ. ನನ್ನ ರಿಜಿಸ್ಟರಿನ ಟಿಕ್ ಮಾರ್ಕಿನಲ್ಲಿ ಅಂಥ ಬೂದು ಬಣ್ಣಕ್ಕೆ ಜಾಗವೇ ಇರಲಿಲ್ಲ ನೋಡಿ. ನಾವೂ ಬೂದು ಚುಕ್ಕಿ ಇಡೋಣ, ಫೋನಿನಲ್ಲಿ ಕೇಳಿ ಬರೆದದ್ದನ್ನು ಕಣ್ಣಾರೆ ನೋಡಿದ್ದು ಅಂತ ಬರೆಯೋದು ಬೇಡ. ಬಣ್ಣ ಗುರುತಿಸೋಕೆ ಆಗದವರೂ ಇರುತ್ತಾರೆ, ಅದಕ್ಕೆ ಬಣ್ಣದ ಜೊತೆ ಆಕಾರವನ್ನೂ ಬೇರೆ ಮಾಡಬೇಕು: ಹಸಿರು ಗುಂಡಗೆ, ಹಳದಿ ಮೂರು ಮೂಲೆ, ಕೆಂಪು ಚೌಕ ಹೀಗೆ.

ಗಾಲಿಕುರ್ಚಿ ರಿಪೇರಿ ಮಾಡುವ ಅಂಗಡಿಗೇ ಮೂರು ಮೆಟ್ಟಿಲು ಇದ್ದರೆ? ನಗು ಬರುತ್ತೆ, ಆದರೆ ಇದೆ. ಅಂಗಡಿಯವರು ಹೊರಗೆ ಬಂದು ನೋಡುತ್ತಾರಾ ಅಂತ ಕೇಳಿ ಬರೆದುಕೊಳ್ಳಿ. ದೂರವನ್ನೂ ನಕ್ಷೆ ಹೇಳಿದ ಹಾಗೆ ನಂಬಬೇಡಿ. ಸಂಜಯನಗರದಿಂದ ಗಂಗಾನಗರ, ಆರ್.ಟಿ. ನಗರಕ್ಕೆ ನಕ್ಷೆಯಲ್ಲಿ ಒಂದು ಗೇಣೂ ಇಲ್ಲ, ಆದರೆ ಮಧ್ಯೆ ಬಳ್ಳಾರಿ ರಸ್ತೆ ಅಡ್ಡ ಇದೆ. ಉತ್ತರಕ್ಕೆ ಲೊಟ್ಟೆಗೊಲ್ಲಹಳ್ಳಿ ಕಡೆ ರೈಲು ಹಳಿ ಇದೆ. ನಡೆಯುವವರಿಗೆ ಹತ್ತು ನಿಮಿಷದ ದಾರಿ ಊರುಗೋಲಿನವರಿಗೆ ದಾರಿಯೇ ಅಲ್ಲದಿರಬಹುದು. ಹಾಗಾಗಿ ಪ್ರತಿ ಚುಕ್ಕಿಗೂ "ರಸ್ತೆ ದಾಟಬೇಕಾ?" ಅನ್ನುವ ಒಂದು ಪ್ರಶ್ನೆ ಸೇರಿಸಬೇಕು.

ಮನೆಗಳನ್ನು ಗುರುತು ಮಾಡಬೇಡಿ

ಇದನ್ನು ದಯವಿಟ್ಟು ಎರಡು ಸಲ ಓದಿ. ರಂಗೋಲಿ ನಕ್ಷೆಯಲ್ಲಿ ಅಂಗವಿಕಲರಿರುವ ಮನೆ, ವಿಧವೆಯರಿರುವ ಮನೆ ಅಂತ ಬೇರೆ ಬಣ್ಣದ ಪುಡಿ ಹಾಕುತ್ತಿದ್ದೆವು. ಸಂಜೆಗೆ ಗುಡಿಸಿದರೆ ಅದು ಹೋಗುತ್ತಿತ್ತು, ನೋಡಿದವರೂ ನಮ್ಮೂರಿನವರೇ. ಫೋನಿನ ನಕ್ಷೆಯನ್ನು ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ನೋಡುತ್ತಾರೆ, ಅದನ್ನು ಗುಡಿಸೋಕೆ ಆಗಲ್ಲ. ತಾಯಿ ಮನೆಗೆಲಸಕ್ಕೆ ಹೋದ ಮೇಲೆ ಬುದ್ಧಿಮಾಂದ್ಯ ಹುಡುಗಿ ಒಬ್ಬಳೇ ಇರುವ ಮನೆ ಇದು ಅಂತ ನಕ್ಷೆ ತೋರಿಸಿದರೆ ಏನಾಗಬಹುದು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಸಲ ನಮ್ಮ ಗುಂಪಿನಲ್ಲಿ ಚಾರ್ಟ್ ಹಾಳೆಯ ಮೇಲೆ ಬಿಡಿಸಿದಾಗ ನಾನೇ ಮನೆಗಳಿಗೆ ಬಿಂದಿ ಅಂಟಿಸಿದ್ದೆ. ಒಬ್ಬ ತಾಯಿ ಸುಮ್ಮನೆ ಎದ್ದು ಬಂದು ತಮ್ಮ ಮನೆಯ ಬಿಂದಿ ಕಿತ್ತು ಕೈಯಲ್ಲಿ ಇಟ್ಟುಕೊಂಡರು. ಏನೂ ಹೇಳಲಿಲ್ಲ. ಅಂಗಡಿ, ಆಸ್ಪತ್ರೆ, ಸಂಸ್ಥೆ, ಕಚೇರಿ ಇಷ್ಟೇ ನಕ್ಷೆಗೆ. ಯಾರಿಗೆ ಏನು ಬೇಕು ಅನ್ನುವ ಪಟ್ಟಿ ಸಂಘದ ಪುಸ್ತಕದಲ್ಲಿ, ಅವರ ಒಪ್ಪಿಗೆ ಕೇಳಿ ಬರೆದು, ಬೀಗ ಹಾಕಿ ಇಡುವಂಥದ್ದು. ವಾಟ್ಸಾಪ್ ಗುಂಪಿಗೂ ಹಾಕಬಾರದು. ಮನೆಯಲ್ಲೇ ಹೊಲಿಯುವ ಟೈಲರಿಂಗ್ ಸದಸ್ಯೆಯರದ್ದೂ ಮನೆ ಚುಕ್ಕಿ ಬೇಡ, ಸಂಘದ ಸಭೆ ನಡೆಯುವ ಜಾಗಕ್ಕೆ ಚುಕ್ಕಿ ಇಟ್ಟು ಅಲ್ಲಿಗೆ ಬರಹೇಳಿ.

ಕಣ್ಣು ಕಾಣದವರಿಗೆ ನಕ್ಷೆ ಹೇಗೆ?

ಬಿಳಿ ಕೋಲು ಸಿಗುವ ಜಾಗವನ್ನು ಕಣ್ಣಿದ್ದವರಿಗೆ ಮಾತ್ರ ತೋರಿಸುವ ನಕ್ಷೆ ಇದ್ದು ಏನು ಪ್ರಯೋಜನ? ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಅನ್ನುವ ವ್ಯವಸ್ಥೆ ಇದೆ. ಪರದೆ ಮೇಲೆ ಇರುವ ಅಕ್ಷರವನ್ನು ಅದು ಗಟ್ಟಿಯಾಗಿ ಓದುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ನಕ್ಷೆಯ ಚಿತ್ರದಲ್ಲಿರುವ ಚುಕ್ಕಿಗಳನ್ನು ಅದರಿಂದ ಸರಿಯಾಗಿ ಹಿಡಿಯೋಕೆ ಆಗಲ್ಲ. ಅದಕ್ಕೆ ನಕ್ಷೆಯ ಪಕ್ಕದಲ್ಲೇ ಅದೇ ವಿವರ ಪಟ್ಟಿಯಾಗಿಯೂ ಇರಬೇಕು: ಹತ್ತಿರದ್ದು ಮೊದಲು, ದೂರದ್ದು ಆಮೇಲೆ, ಒತ್ತಿದರೆ ಫೋನ್ ಹೋಗಬೇಕು.

ಟೈಪ್ ಮಾಡುವವರಿಗೂ ಒಂದು ಮಾತು. ಡಿ.ಟಿ.ಪಿ. ಅಂಗಡಿಯಲ್ಲಿ ಹಳೇ ನುಡಿ ಫಾಂಟಿನಲ್ಲಿ ಮಾಡಿದ ಕನ್ನಡ ನಮ್ಮ ಕಣ್ಣಿಗೆ ಕನ್ನಡ, ಫೋನಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಓದುವ ಯಂತ್ರ ತೊದಲುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಕರಪತ್ರದ ಫೋಟೋ ತೆಗೆದು ಕಳಿಸಿದರೂ ಅದೇ ಕಥೆ, ಅದರ ಬದಲು ನೀವೇ ಓದಿ ಧ್ವನಿ ಸಂದೇಶ ಕಳಿಸಿ. ಕಿವಿ ಕೇಳದವರಿಗೆ ಇದರ ಉಲ್ಟಾ: ಬರೀ ಫೋನ್ ನಂಬರ್ ಕೊಟ್ಟರೆ ಅವರೇನು ಮಾಡಬೇಕು? ಆ ಅಂಗಡಿಯವರು ಮೆಸೇಜಿಗೆ ಉತ್ತರ ಕೊಡುತ್ತಾರಾ ಅಂತ ಕೇಳಬೇಕು.

ದೊಡ್ಡ ಫೋನೇ ಇಲ್ಲದವರು? ಬೆಂಗಳೂರಿನ ಎನೇಬಲ್ ಇಂಡಿಯಾ ಸಂಸ್ಥೆ "ನಮ್ಮ ವಾಣಿ" ಅಂತ ಒಂದು ವ್ಯವಸ್ಥೆ ಮಾಡಿತ್ತು. ಗುಂಡಿ ಇರುವ ಸಾದಾ ಫೋನಿನಿಂದಲೇ ಅಂಗವಿಕಲರು ಕನ್ನಡದಲ್ಲಿ ಮಾಹಿತಿ ಕೇಳಬಹುದಿತ್ತು, ತಮ್ಮ ಮಾತನ್ನೂ ಹೇಳಬಹುದಿತ್ತು. ನಮ್ಮಿಂದ ಅಷ್ಟು ಆಗದಿದ್ದರೂ ಚಿಂತೆಯಿಲ್ಲ. ಪ್ರತಿ ಸಂಘದಲ್ಲಿ ಒಬ್ಬರು ದೊಡ್ಡ ಫೋನ್ ಇರುವವರು "ನಕ್ಷೆ ನೋಡಿ ಹೇಳುವವರು" ಅಂತ ಗೊತ್ತಾದರೆ ಸಾಕು.

ಕಾಸಿನ ವಿಷಯ

ಕೇಂದ್ರ ಸರ್ಕಾರದ ಎ.ಡಿ.ಐ.ಪಿ. ಯೋಜನೆ 1981ರಿಂದ ಇದೆ. ಶೇಕಡ 40 ಅಥವಾ ಹೆಚ್ಚಿನ ಅಂಗವಿಕಲತೆಯ ಪ್ರಮಾಣಪತ್ರ ಇದ್ದು, ವರಮಾನ ಮಿತಿಯೊಳಗೆ ಇದ್ದರೆ ಸಾಧನ ಉಚಿತವಾಗಿ ಅಥವಾ ಅರ್ಧ ಬೆಲೆಗೆ ಸಿಗುತ್ತದೆ. ಈ ಯೋಜನೆಯಲ್ಲಿ ಕೊಡುವ ಸಾಧನಗಳಲ್ಲಿ ಬಹಳಷ್ಟು, 1972ರಲ್ಲಿ ಕಾನ್ಪುರದಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ ಅಲಿಮ್ಕೋದವು. ಇಲ್ಲಿ ನೆನಪಿಡಬೇಕಾದ್ದು ಒಂದಿದೆ. ಒಮ್ಮೆ ಪಡೆದವರು ಅದೇ ಕಾರಣಕ್ಕೆ ಮತ್ತೆ ಪಡೆಯೋಕೆ 3 ವರ್ಷ ಕಾಯಬೇಕು. 12 ವರ್ಷದ ಒಳಗಿನ ಮಕ್ಕಳಿಗೆ ಮಾತ್ರ 1 ವರ್ಷ, ಯಾಕೆಂದರೆ ಮಕ್ಕಳು ಬೆಳೆಯುತ್ತಾರೆ, ಕ್ಯಾಲಿಪರ್ ಗಿಡ್ಡ ಆಗುತ್ತದೆ. ಎಷ್ಟೋ ತಾಯಂದಿರು 3 ವರ್ಷ ಅಂತಲೇ ತಿಳಿದು ಸುಮ್ಮನಿರುತ್ತಾರೆ, ಮಗು ಗಿಡ್ಡ ಕ್ಯಾಲಿಪರಿನಲ್ಲೇ ಕುಂಟುತ್ತದೆ. ಉಚಿತವಾಗಿ ಕೊಡುವ ಕಡೆಯ ಚುಕ್ಕಿ ಒತ್ತಿದಾಗ ಬೇಕಾದ ಕಾಗದಪತ್ರದ ಜೊತೆಗೆ ಈ ನಿಯಮವೂ ಕಾಣಬೇಕು. ಅರ್ಜಿ ತುಂಬಿಸಲು ಪಾಲಿಕೆ ವ್ಯಾಪ್ತಿಯ ನಗರ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಹೇಗೆ ಶುರು ಮಾಡೋದು?

ನಕ್ಷೆ ಮಾಡೋಕೆ ದುಡ್ಡು ಬೇಕಾಗಿಲ್ಲ. ಗೂಗಲ್‌ನ ಮೈ ಮ್ಯಾಪ್ಸ್ ಉಚಿತ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಕೂಡ ಉಚಿತ, ಅದನ್ನು ಜಗತ್ತಿನ ಜನರೇ ಸೇರಿ ಬರೆಯುತ್ತಾರೆ. ವೀಲ್‌ಮ್ಯಾಪ್ ನಿಂತಿರೋದೂ ಅದರ ಮೇಲೇ. ಕಾಲೇಜಿಗೆ ಹೋಗುವ ನಿಮ್ಮ ಮಗನೋ ಮಗಳೋ ಒಂದು ಭಾನುವಾರ ಕೂತರೆ ಚುಕ್ಕಿ ಇಡೋದು ಕಲಿಯುತ್ತಾರೆ. ಕಷ್ಟ ಇರೋದು ಚುಕ್ಕಿಯೊಳಗಿನ ವಿವರ ನಿಜವಾಗಿರೋದರಲ್ಲಿ. ಅಂಗಡಿ ಜಾಗ ಬದಲಾಗುತ್ತದೆ, ನಂಬರ್ ಬದಲಾಗುತ್ತದೆ, ವಾರಕ್ಕೆ ಎರಡು ದಿನ ಬರುತ್ತಿದ್ದ ತಂತ್ರಜ್ಞರು ಬರೋದು ನಿಲ್ಲಿಸುತ್ತಾರೆ. ಪ್ರತಿ ಚುಕ್ಕಿಯಲ್ಲೂ "ಕೊನೆಯ ಸಲ ನೋಡಿದ್ದು" ಅಂತ ತಾರೀಖು ಇರಲಿ. ಆರು ತಿಂಗಳು ದಾಟಿದರೆ ಅದು ತಾನಾಗಿ ಬೂದು ಬಣ್ಣಕ್ಕೆ ಹೋಗಲಿ. ಸಾಲದ ಕಂತು ಬಾಕಿ ಇದ್ದರೆ ನಾವು ಬಿಡ್ತೀವಾ? ಹಾಗೇ ಬಾಕಿ ಚುಕ್ಕಿಗಳ ಪಟ್ಟಿಯನ್ನು ತಿಂಗಳ ಸಭೆಯಲ್ಲಿ ಓದಿ, ಆ ರಸ್ತೆಯವರಿಗೆ ಹಂಚಿಬಿಡಿ.

ಹೋಗುವಾಗ ಇಬ್ಬರು ಹೋಗಿ, ಸಾಧನ ಬಳಸುವವರು ಒಬ್ಬರು ಅದರಲ್ಲಿ ಇರಲೇಬೇಕು. ನಾನು ನಾಗಶೆಟ್ಟಿಹಳ್ಳಿಯ ಒಂದು ಅಂಗಡಿಗೆ "ಮೆಟ್ಟಿಲಿಲ್ಲ" ಅಂತ ಬರೆದಿದ್ದೆ. ಜೊತೆಗಿದ್ದ ಊರುಗೋಲಿನ ಸದಸ್ಯೆ ಬಾಗಿಲ ಮುಂದಿನ ಚರಂಡಿ ಕಲ್ಲು ಅಲ್ಲಾಡೋದನ್ನ ತೋರಿಸಿದರು. ನನಗೆ ಕಂಡೇ ಇರಲಿಲ್ಲ.

ಮುಂದಿನ ತಿಂಗಳ ಸಭೆಗೆ ಪ್ರತಿ ಸಂಘದವರು ತಮ್ಮ ರಸ್ತೆಯ ಐದು ಜಾಗ ಬರೆದು ತನ್ನಿ: ಸೈಕಲ್ ಶಾಪು, ಚಪ್ಪಲಿ ಹೊಲಿಯುವವರು, ಮೆಡಿಕಲ್ ಸ್ಟೋರ್, ಕನ್ನಡಕದ ಅಂಗಡಿ, ವೆಲ್ಡಿಂಗ್ ಶಾಪು. ಏನು ಮಾಡಿಕೊಡುತ್ತಾರೆ, ಯಾವ ದಿನ ರಜಾ, ಎಷ್ಟು ತೆಗೆದುಕೊಳ್ಳುತ್ತಾರೆ, ಬಾಗಿಲಲ್ಲಿ ಎಷ್ಟು ಬೆರಳಿನ ಮೆಟ್ಟಿಲು, ಹೊರಗೆ ಬಂದು ನೋಡುತ್ತಾರಾ. ಭೂಪಸಂದ್ರದ ಕಡೆಯವರು ಇನ್ನೂ ಯಾರೂ ಹೆಸರು ಕೊಟ್ಟಿಲ್ಲ, ಅಲ್ಲಿಂದ ಇಬ್ಬರಾದರೂ ಬೇಕು. ಅಳತೆ ಟೇಪು ಟೈಲರಿಂಗ್ ಗುಂಪಿನವರ ಹತ್ತಿರ ಇದೆ.